ಬಿಸಿಲೆ ಅಂಚಿನ ಕ್ಯಾನೋಪಿ ವಾಕ್: ದುಡ್ಡು ಸೇತುವೆಗಲ್ಲ, ಗೈಡಿಗೆ

ಸಕಲೇಶಪುರದಿಂದ ಬಿಸಿಲೆ ಘಾಟಿಯ ಕಡೆ ಹೋಗುವಾಗ ಕಾಫಿ ತೋಟ ಮುಗಿದು ಕಾಡು ಶುರುವಾಗುವ ಅಂಚಿನಲ್ಲಿ ಒಂದು ಹೋಂಸ್ಟೇ ಇದೆ. ಅವರು ಗೈಡ್ ಜೊತೆ ಮಾಡಿಸುವ ಕ್ಯಾನೋಪಿ ವಾಕ್, ಅಂದರೆ ತೂಗುಸೇತುವೆಯ ಮೇಲೆ ಮರಗಳ ನೆತ್ತಿಯ ಮಟ್ಟದಲ್ಲಿ ನಡೆಯುವುದರ ಬಗ್ಗೆ ಈ ಬರಹ. ಹೋಂಸ್ಟೇ ಹೆಸರು ಬೇಕೆಂದೇ ಹಾಕಿಲ್ಲ. ಒಂದು ಹೊತ್ತಿಗೆ 6ಕ್ಕಿಂತ ಹೆಚ್ಚು ಜನ ಆದರೆ ಅಲ್ಲಿ ನೋಡಲು ಏನೂ ಸಿಗುವುದಿಲ್ಲ, ಶನಿವಾರ ಭಾನುವಾರ ಈಗಲೇ ಆ ಮಿತಿ ಮುಟ್ಟಿದೆ. ಮಲೆನಾಡಿನ ಬೇರೆ ತೋಟಗಳಲ್ಲಿ ಇಂಥದ್ದನ್ನೇ ಬುಕ್ ಮಾಡುವವರಿಗೂ ಇಲ್ಲಿನ ಬಹುಪಾಲು ಮಾತು ಹೊಂದುತ್ತದೆ.

ಬೆಳಗಿನ ನಡಿಗೆ 6.30ಕ್ಕೆ, ಸಂಜೆಯದು 4ಕ್ಕೆ, ನಡುವೆ 11 ಗಂಟೆಯದು ಒಂದು. ಬೆಳಗಿನದಕ್ಕೆ ತಲೆಗೆ 800 ರೂಪಾಯಿ, ತಿಂಡಿ ಕಾಫಿ ಸೇರಿ. ಆ ದುಡ್ಡು ಸಾರ್ಥಕ. ಸಂಜೆಯದು ಮಳೆಗಾಲ ಕಳೆದ ಮೇಲೆ ಚೆನ್ನ. 11 ಗಂಟೆಯದು ಸೇತುವೆ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಸರಿ. ಪ್ರಾಣಿ ಪಕ್ಷಿ ನೋಡಬೇಕೆಂದು ಹೋಗುವವರು ಅದನ್ನು ಬುಕ್ ಮಾಡಲೇಬೇಡಿ. ಬಿಸಿಲು ಏರಿದ ಮೇಲೆ ಮರದ ತುದಿಯಲ್ಲಿದ್ದದ್ದೆಲ್ಲ ಎಲೆಯ ನೆರಳಿಗೆ ಇಳಿದು ಕೂತುಬಿಡುತ್ತದೆ.

ಕಾಡಿನ ನೆಲದಲ್ಲಿ ನಿಂತು 25–30 ಮೀಟರ್ ಎತ್ತರದ ಮರದ ತುದಿ ನೋಡಿದರೆ ಕಾಣುವುದು ಹಕ್ಕಿಯ ಹೊಟ್ಟೆ ಮಾತ್ರ. ಅದೂ ಬೆಳ್ಳಗಿನ ಆಕಾಶದ ಎದುರು ಕಪ್ಪು ಆಕಾರವಾಗಿ. 10 ನಿಮಿಷದಲ್ಲಿ ಕತ್ತು ನೋಯುತ್ತದೆ. ಈ ತೋಟದವರು ಘಟ್ಟದ ಇಳಿಜಾರನ್ನೇ ಏಣಿಯ ಹಾಗೆ ಬಳಸಿದ್ದಾರೆ. ಕಾಫಿ ಸಾಲಿನ ಕೊನೆಯಲ್ಲಿ ನೆಲದ ಮಟ್ಟದಲ್ಲೇ ಸೇತುವೆ ಹತ್ತುತ್ತೀರಿ. ಕೆಳಗೆ ಹಳ್ಳ ಇಳಿಯುತ್ತಾ ಹೋಗುತ್ತದೆ, ನೀವು ಇದ್ದ ಮಟ್ಟದಲ್ಲೇ ಇರುತ್ತೀರಿ. ಮೊದಲ ಅಟ್ಟಣೆ ತಲುಪುವಾಗ ಹಳ್ಳದ ಮರಗಳ ನೆತ್ತಿ ನಿಮ್ಮ ಎದೆಮಟ್ಟಕ್ಕೆ ಬಂದಿರುತ್ತದೆ. ಒಟ್ಟು ಮೂರು ತೂಗುಸೇತುವೆ, ನಡುವೆ ಎರಡು ಅಟ್ಟಣೆ. ಉತ್ತರ ಕನ್ನಡದ ಕುವೇಶಿಯಲ್ಲಿ ಅರಣ್ಯ ಇಲಾಖೆ ಕಟ್ಟಿದ್ದನ್ನು ನೋಡಿದವರಿಗೆ ಇದು ಚಿಕ್ಕದೆನಿಸಬಹುದು. ಉದ್ದ ಇಲ್ಲಿ ಲೆಕ್ಕಕ್ಕಿಲ್ಲ. ನಡೆಯುವಾಗ ಸೇತುವೆ ಅಲುಗುತ್ತದೆ, ಅಲುಗುವ ಹಲಗೆಯ ಮೇಲೆ ದುರ್ಬೀನು ಹಿಡಿದರೆ ಏನೂ ಕಾಣದು. ಸೇತುವೆ ಹತ್ತಿದ ಮೇಲೆ ನೋಡುವುದೆಲ್ಲ ಅಟ್ಟಣೆಯ ಮೇಲಿಂದಲೇ.

ಹತ್ತುವ ಮೊದಲು ಕಟ್ಟಡದ ಕೆಲಸ ನೀವೇ ಪರೀಕ್ಷಿಸಿ, ಇದಕ್ಕೆ ಇಂಜಿನಿಯರ್ ಆಗಬೇಕಿಲ್ಲ. ಸ್ಟೀಲ್ ರೋಪ್ ಮಡಚಿ ಬಿಗಿದ ಜಾಗದಲ್ಲಿ ಯು-ಕ್ಲಾಂಪ್ ಎಷ್ಟಿವೆ ಎಣಿಸಿ. 12 ಮಿ.ಮೀ. ರೋಪಿಗೆ ಪ್ರತಿ ತುದಿಗೂ 3 ಇರಲೇಬೇಕು, ಒಂದರಿಂದ ಇನ್ನೊಂದಕ್ಕೆ ಸುಮಾರು 7 ಸೆಂ.ಮೀ. ಅಂತರ. ಕ್ಲಾಂಪಿನ ಅಗಲವಾದ ಪಟ್ಟಿ ಭಾರ ಹೊರುವ ರೋಪಿನ ಮೇಲೆ ಕೂರಬೇಕು, ಯು ಆಕಾರದ ಬೋಲ್ಟು ಮಡಚಿ ಬಂದ ತುಂಡಿನ ಮೇಲೆ. ತಿರುಗುಮುರುಗು ಹಾಕಿದರೆ ಬೋಲ್ಟು ಭಾರ ಹೊರುವ ಎಳೆಗಳನ್ನೇ ಜಜ್ಜುತ್ತದೆ. ಇಲ್ಲಿ ಎಲ್ಲ ಸರಿಯಾಗಿ ಕೂತಿವೆ. ಎರಡನೆಯದಾಗಿ, ರೋಪನ್ನು ಮರಕ್ಕೆ ನೇರವಾಗಿ ಸುತ್ತಿದ್ದಾರೆಯೇ ನೋಡಿ. ಹಾಗೆ ಸುತ್ತಿದರೆ ಮರ ದಪ್ಪವಾದ ಹಾಗೆ ರೋಪು ತೊಗಟೆಯೊಳಗೆ ಇಳಿದು, ತೊಗಟೆಯಲ್ಲಿ ಹರಿಯುವ ಆಹಾರದ ದಾರಿ ಕಟ್ಟಿ, ನಾಲ್ಕೈದು ವರ್ಷದಲ್ಲಿ ತುದಿ ಒಣಗುತ್ತದೆ. ಒಣಗಿದ ಮರವೇ ನಿಮ್ಮನ್ನು ಹೊತ್ತು ನಿಂತಿರುವುದು ಎಂಬುದು ನೆನಪಿರಲಿ. ಇಲ್ಲಿ ರೋಪಿಗೂ ಮರಕ್ಕೂ ನಡುವೆ ಮರದ ತುಂಡುಗಳನ್ನು ಕೊಟ್ಟಿದ್ದಾರೆ, ವರ್ಷಕ್ಕೊಮ್ಮೆ ಸಡಿಲಿಸುತ್ತಾರೆ. ಸೊಂಟದ ಬೆಲ್ಟಿಗೆ ಎರಡು ಕೊಕ್ಕೆ ಕೊಡುತ್ತಾರೆ. ಅಟ್ಟಣೆಯಲ್ಲಿ ದಾಟುವಾಗ ಒಂದನ್ನು ಮುಂದಿನ ರೋಪಿಗೆ ಹಾಕಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು. ಒಂದೇ ಕೊಕ್ಕೆ ಕೊಡುವ ಕಡೆ ಹತ್ತಬೇಡಿ.

ದೂರು ಇರುವುದು ಮೂರನೇ ಸೇತುವೆಯ ಬಗ್ಗೆ. ಅದಕ್ಕೆ ಸಿಲ್ವರ್ ಓಕ್ ಹಲಗೆ ಹಾಕಿದ್ದಾರೆ. ತೋಟದಲ್ಲೇ ಸಿಗುತ್ತದೆ, ಅಗ್ಗ, ನಿಜ. ಆದರೆ ಮಲೆನಾಡಿನ ಮಳೆಗೆ ಅದು ತಾಳುವ ಮರವಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿ ಸೋಪಿನ ಹಾಗೆ ಜಾರುತ್ತದೆ, ಮೊಳೆ ಹೊಡೆದ ಜಾಗದಲ್ಲಿ ನೀರು ನಿಂತು ಮೆದುವಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡನೇ ಅಟ್ಟಣೆಯಿಂದಲೇ ಹಿಂತಿರುಗುತ್ತೇವೆ ಎಂದು ಹೇಳಿ, ಗೈಡ್ ಒಪ್ಪುತ್ತಾರೆ. ಹಲಗೆಯ ಅಂಚಿನಲ್ಲಿ ಅಲ್ಲ, ಕೆಳಗೆ ಆಧಾರದ ಪಟ್ಟಿ ಇರುವ ನಡುಭಾಗದಲ್ಲಿ ಹೆಜ್ಜೆ ಇಡಿ.

ಈ ನಡಿಗೆಯ ಬೆಲೆ ಇರುವುದು ಗೈಡ್ ಮೇಲೆ. ಇದೇ ತೋಟದಲ್ಲಿ ಕೆಲಸ ಮಾಡುತ್ತಾ ಬಂದ ಹಿರಿಯರು, ಮರಕಸಿಗೆ, ಅಂದರೆ ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆ ಕಡಿಯಲು, ಮರ ಹತ್ತಿದವರು. ಯಾವ ಮರದಲ್ಲಿ ಈ ವಾರ ಏನು ಹಣ್ಣಾಗಿದೆ ಎಂಬುದು ಅವರ ತಲೆಯಲ್ಲಿದೆ, ಆ ಲೆಕ್ಕದ ಮೇಲೆಯೇ ದಾರಿ ಬದಲಾಗುತ್ತದೆ. ಬಸರಿ, ಗೋಣಿ, ಅತ್ತಿ ಹಣ್ಣಾದ ಮರ ಇದ್ದರೆ ಅಲ್ಲಿಗೇ ಕರೆದೊಯ್ದು ಕೂರಿಸುತ್ತಾರೆ. ನಡೆಯುವುದು ಕಡಿಮೆ, ಕೂರುವುದೇ ಹೆಚ್ಚು. ಎರಡೂವರೆ ಗಂಟೆಯಲ್ಲಿ ಮುಕ್ಕಾಲು ಗಂಟೆ ಒಂದೇ ಮರದ ಕೆಳಗೆ. ಬೆಂಗಳೂರಿನಿಂದ ಬಂದ ಗುಂಪುಗಳು ಇದಕ್ಕೇ ಬೇಸರಪಟ್ಟುಕೊಳ್ಳುತ್ತವೆ, "ಮುಂದೆ ಹೋಗೋಣ" ಎನ್ನುತ್ತವೆ. ಹೋಗಬೇಡಿ. ಅತ್ತಿಯ ಜಾತಿಯ ಮರಗಳು ಒಂದೊಂದು ಒಂದೊಂದು ಕಾಲಕ್ಕೆ ಹಣ್ಣು ಬಿಡುತ್ತವೆ, ಉಳಿದ ಕಾಡು ಬರಿದಾಗಿದ್ದಾಗ ಸುತ್ತಲಿನ ಮಂಗಟ್ಟೆ (ಹಾರ್ನ್‌ಬಿಲ್), ಹಸಿರು ಪಾರಿವಾಳ, ಕುಟ್ರ ಹಕ್ಕಿ, ಅಳಿಲು ಎಲ್ಲ ಆ ಒಂದು ಮರಕ್ಕೆ ಬರಲೇಬೇಕು. ನೀವು ಹುಡುಕಿಕೊಂಡು ಅಲೆದರೆ ಅವು ಓಡುತ್ತವೆ. ಕೂತರೆ ಅವೇ ಬರುತ್ತವೆ.

ಹಕ್ಕಿ ಎಲ್ಲಿದೆ ಎಂದು ಅವರು ತೋರಿಸುವ ರೀತಿಯೂ ಕಲಿಯಬೇಕಾದದ್ದು. ಬೆರಳು ಚಾಚುವುದಿಲ್ಲ. ಲೇಸರ್ ಇಟ್ಟುಕೊಂಡಿಲ್ಲ, ಅದು ಪ್ರಾಣಿಯ ಕಣ್ಣಿಗೆ ಹಾನಿ. ಮೊದಲು ಎಲ್ಲರಿಗೂ ಕಾಣುವ ಒಂದು ಗುರುತು ಹೇಳುತ್ತಾರೆ, ಅದರಿಂದ ಗಡಿಯಾರದ ಲೆಕ್ಕ. "ಬಿಳಿ ಕಾಂಡದ ಮರ ನೋಡಿ ಸರ್. ಮೊದಲನೇ ಕವಲು. ಅಲ್ಲಿಂದ 10 ಗಂಟೆಗೆ, ಎರಡು ಮಾರು ಆಚೆ." ದುರ್ಬೀನನ್ನು ಮೊದಲೇ ಕಣ್ಣಿಗೆ ಹಿಡಿದು ಹುಡುಕಬೇಡಿ. ಬರಿಗಣ್ಣಿನಲ್ಲಿ ಆ ಜಾಗ ಹಿಡಿದು, ಕಣ್ಣು ಕದಲಿಸದೆ ದುರ್ಬೀನನ್ನು ಕಣ್ಣಿನ ಬಳಿಗೆ ತನ್ನಿ. ಹೊಸಬರು ತಪ್ಪುವುದು ಇಲ್ಲೇ. ಕೆಳಗೆ ನೋಡಿ ದುರ್ಬೀನು ಎತ್ತಿ, ಮತ್ತೆ ಮೇಲೆ ನೋಡುವಷ್ಟರಲ್ಲಿ ಕವಲೇ ಕಳೆದುಹೋಗಿರುತ್ತದೆ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಅಭ್ಯಾಸ ಇಲ್ಲಿಲ್ಲ, ಕೇಳಿದರೂ ಒಪ್ಪುವುದಿಲ್ಲ. ಗೂಡು ಕಟ್ಟುವ ಕಾಲದಲ್ಲಿ ಆ ಕೂಗಿಗೆ ಗಂಡುಹಕ್ಕಿ ಮೇವು ಬಿಟ್ಟು ಜಗಳಕ್ಕೆ ಬರುತ್ತದೆ, ದಿನವೂ ಹೀಗಾದರೆ ಮರಿಗೆ ಆಹಾರವಿಲ್ಲ. ಈ ಒಂದು ಕಾರಣಕ್ಕೇ ಇವರಿಗೆ ಪೂರ್ತಿ ಅಂಕ ಕೊಡಬೇಕು.

ಸದ್ದನ್ನು ಓದುವುದು ಮುಖ್ಯ. ಗಾಳಿಯಿಲ್ಲದ ಹೊತ್ತಿನಲ್ಲಿ ಒಂದೇ ಕೊಂಬೆ ತೂಗಿ ನಿಂತು, ಆಮೇಲೆ ಪಕ್ಕದ ಮರದ ಒಂದೇ ಕೊಂಬೆ ತೂಗಿದರೆ ಅದು ಕೆಂಜಳಿಲು, ಮಲಬಾರ್ ದೊಡ್ಡ ಅಳಿಲು. ನಾಲ್ಕಾರು ಕೊಂಬೆ ಒಟ್ಟಿಗೆ ಅದುರಿದರೆ ಮಂಗನ ಜಾತಿ. ಟಪ್ ಟಪ್ ಎಂದು ಅರ್ಧ ತಿಂದ ಹಣ್ಣು ಬೀಳುತ್ತಿದ್ದರೆ ಮೇಲೆ ಕೂತಿದ್ದಾರೆ ಎಂದರ್ಥ, ನೆಲದ ಹಣ್ಣು ಹಸಿಯಾಗಿದೆಯೋ ಕಂದಿದೆಯೋ ಎಂದು ಮುಟ್ಟಿ ನೋಡಿದರೆ ಎಷ್ಟು ಹೊತ್ತಿನ ಹಿಂದಿನದು ಎಂಬುದೂ ತಿಳಿಯುತ್ತದೆ. ತಲೆಯ ಮೇಲಿಂದ ಉಗಿಬಂಡಿ ಹೋದ ಹಾಗೆ ಬುಸ್ ಬುಸ್ ಎಂದರೆ ಅದು ದೊಡ್ಡ ದಾಸ ಮಂಗಟ್ಟೆಯ ರೆಕ್ಕೆ. ಹಕ್ಕಿ ಕಾಣುವ ಮೊದಲೇ ಆ ಸದ್ದು ಕೇಳುತ್ತದೆ.

ಕೆಂಜಳಿಲು ಇಲ್ಲಿ ಬಹುತೇಕ ಖಾತ್ರಿ. ಮೊದಲ ಅಟ್ಟಣೆಯ ಎದುರಿನ ಮರದಲ್ಲಿ ಅದರ ಗೂಡುಗಳಿವೆ, ತೆಳು ಕೊಂಬೆಯ ಕವಲಿನಲ್ಲಿ ಎಲೆ ಕಡ್ಡಿ ಸೇರಿಸಿ ಮಾಡಿದ ಉಂಡೆ. ಒಂದು ಅಳಿಲಿಗೆ ಹಲವು ಗೂಡು, ದಪ್ಪ ಕೊಂಬೆ ಬಿಟ್ಟು ತುದಿಯಲ್ಲೇ ಕಟ್ಟುತ್ತದೆ, ಭಾರದ ಬೇಟೆಗಾರ ಪ್ರಾಣಿ ಅಲ್ಲಿಗೆ ಬರಲಾಗದು. ಅದು ತಿನ್ನುವುದನ್ನು ಎದುರುಮಟ್ಟದಿಂದ ನೋಡಬೇಕು. ಹಿಂಗಾಲಿನ ಪಾದದಲ್ಲಿ ಕೊಂಬೆ ಹಿಡಿದು, ಮೈಯನ್ನು ಕೊಂಬೆಯ ಒಂದು ಕಡೆಗೆ ತಲೆಕೆಳಗಾಗಿ ಇಳಿಬಿಟ್ಟು, ಮೈಗಿಂತ ಉದ್ದದ ಬಾಲವನ್ನು ಇನ್ನೊಂದು ಕಡೆಗೆ ತೂಕಕ್ಕೆ ಬಿಡುತ್ತದೆ. ತಕ್ಕಡಿಯ ಹಾಗೆ. ಎರಡೂ ಕೈ ಖಾಲಿ, ಹಣ್ಣನ್ನು ತಿರುಗಿಸಿ ತಿರುಗಿಸಿ ಸಿಪ್ಪೆ ಸುಲಿಯುತ್ತದೆ. ಬೆನ್ನಿನ ಕಗ್ಗೆಂಪು, ಹೊಟ್ಟೆಯ ಕೆನೆಬಣ್ಣ, ಮೂತಿಯಲ್ಲಿ ಅಂಟಿದ ಹಣ್ಣಿನ ರಸ, ಅಷ್ಟು ಹತ್ತಿರ. ಗಿಡುಗನ ನೆರಳು ಬಿದ್ದರೆ ತಟ್ಟನೆ ಕೊಂಬೆಗೆ ಚಪ್ಪಟೆಯಾಗಿ ಅಂಟಿ, ಕಟಕಟಕಟ ಎಂದು ಬಹಳ ಹೊತ್ತು ಕೂಗುತ್ತದೆ. ಕೆಳಗೆ ನಿಂತವರಿಗೆ ಇದರಲ್ಲಿ ಬಾಲ ಒಂದೇ ಕಾಣುವುದು. ಸೇತುವೆ ಕಟ್ಟಿದ್ದಕ್ಕೆ ಇದೊಂದೇ ಸಾಕು.

ಮಂಗಟ್ಟೆಗಳಲ್ಲಿ ದಿನವೂ ಸಿಗುವುದು ಮಲೆನಾಡಿನ ಬೂದು ಮಂಗಟ್ಟೆ, ಕೊಕ್ಕಿನ ಮೇಲೆ ಕೊಂಬಿಲ್ಲದ್ದು, ಕೂಗು ಯಾರೋ ಗಹಗಹಿಸಿ ನಕ್ಕಂತೆ. ದೊಡ್ಡ ದಾಸ ಮಂಗಟ್ಟೆ ಅದೃಷ್ಟದ ಮಾತು. ಜನವರಿಯಿಂದ ಏಪ್ರಿಲ್‌ವರೆಗೆ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಮೆತ್ತಿ, ಕೊಕ್ಕಿನಷ್ಟೇ ಅಗಲದ ಸೀಳು ಬಿಟ್ಟಿರುತ್ತದೆ, ಗಂಡು ತಂದುಕೊಟ್ಟದ್ದೇ ಊಟ. ಆ ಕಾಲದಲ್ಲಿ ಗೂಡಿನ ಮರದ ಹತ್ತಿರ ಗೈಡ್ ಕರೆದೊಯ್ಯುವುದಿಲ್ಲ. ಜನ ನಿಂತಿದ್ದರೆ ಗಂಡು ದೂರದಲ್ಲೇ ಕೂತು ಕಾಯುತ್ತದೆ, ಒಳಗಿನ ಹೆಣ್ಣಿಗೂ ಮರಿಗೂ ಉಪವಾಸ. ದುಡ್ಡು ಹೆಚ್ಚು ಕೊಟ್ಟು ಒತ್ತಾಯಿಸಬೇಡಿ.

ಸಿಂಗಳೀಕದ ವಿಷಯದಲ್ಲಿ ಜಾಹೀರಾತು ತಪ್ಪು ದಾರಿಗೆ ಎಳೆಯುತ್ತದೆ. ಬೋರ್ಡಿನ ಮೇಲೆ ದೊಡ್ಡದಾಗಿ ಅದರ ಚಿತ್ರ ಹಾಕಿದ್ದಾರೆ. ಘಟ್ಟದ ಈ ಇಳಿಜಾರಿನ ಕಾಡಲ್ಲಿ ಸಿಂಗಳೀಕ ಇರುವುದು ನಿಜ, ಪಶ್ಚಿಮ ಘಟ್ಟ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ ಎಂಬುದೂ ನಿಜ. ಆದರೆ ಅದು ಒತ್ತಾದ ಕಾಡಿನ ತುದಿಮರಗಳಲ್ಲಿ ಗುಂಪಾಗಿ ಬಹುದೂರ ಸುತ್ತುವ ಪ್ರಾಣಿ, ಕಾಫಿ ತೋಟದ ಅಂಚಿಗೆ ಬರುವುದು ಅಪರೂಪ. ಬಹಳ ಜನ ಮುಸುವ ನೋಡಿ ಸಿಂಗಳೀಕ ನೋಡಿದೆವೆಂದು ಹೇಳಿಕೊಂಡು ಹೋಗುತ್ತಾರೆ. ಗುರುತು ಸುಲಭ: ಮುಸುವದ ಮೈ ಬೂದು, ಮುಖ ಮಾತ್ರ ಕಪ್ಪು, ಬಾಲ ಬಹಳ ಉದ್ದ. ಸಿಂಗಳೀಕದ ಮೈಯೇ ಕಪ್ಪು, ಮುಖದ ಸುತ್ತ ಬೆಳ್ಳಿಬೂದಿಯ ಕೇಸರ, ಬಾಲ ಗಿಡ್ಡ, ತುದಿಯಲ್ಲಿ ಕುಚ್ಚು. ಗೈಡ್ ಮಾತ್ರ ಪ್ರಾಮಾಣಿಕರು, ಸಿಗುವುದು ಕಷ್ಟ ಎಂದು ಹೊರಡುವ ಮೊದಲೇ ಹೇಳುತ್ತಾರೆ. ಬೋರ್ಡ್ ಬದಲಿಸಬೇಕು.

ಭೀಮರಾಜ ಹಕ್ಕಿಯ ಕೂಗು ಕೇಳಿದರೆ ಎದ್ದು ನಿಲ್ಲಿ. ಅದರ ಜೊತೆ ಹತ್ತಾರು ಜಾತಿಯ ಹಕ್ಕಿಗಳು ಗುಂಪು ಕಟ್ಟಿಕೊಂಡು ಬರುತ್ತವೆ. ಮುಂದೆ ಹೋಗುವ ಹಕ್ಕಿಗಳು ಎಬ್ಬಿಸಿದ ಹುಳುಗಳನ್ನು ಭೀಮರಾಜ ಹಿಡಿಯುತ್ತದೆ, ಗಿಡುಗ ಬಂದರೆ ಮೊದಲು ಕೂಗುವುದೂ ಅದೇ. ಐದಾರು ನಿಮಿಷದಲ್ಲಿ ಇಡೀ ಗುಂಪು ದಾಟಿಹೋಗುತ್ತದೆ, ಆಮೇಲೆ ಅರ್ಧ ಗಂಟೆ ಕಾಡು ಮೌನ. ಆ ಐದಾರು ನಿಮಿಷದಲ್ಲಿ ಕ್ಯಾಮೆರಾ ಕೆಳಗಿಟ್ಟು ಕಣ್ಣಲ್ಲಿ ನೋಡಿ. ಚಿತ್ರಪಕ್ಷಿಯ ಗಂಡು ಕೆಂಪು, ಹೆಣ್ಣು ಹಳದಿ, ತುದಿಯಲ್ಲೇ ಇರುತ್ತವೆ. ಕಾಕರಣೆ ಹಕ್ಕಿ (ಮಲಬಾರ್ ಟ್ರೋಗನ್) ನಡುಮಟ್ಟದಲ್ಲಿ, ಕೆಂಪು ಎದೆ ಮರೆಸಿ ಬೆನ್ನು ತೋರಿಸಿ ಅಲುಗದೆ ಕೂರುತ್ತದೆ. ಅದನ್ನು ಹುಡುಕಬೇಕಾದರೆ ಬಣ್ಣ ಹುಡುಕಬೇಡಿ, ಅಡ್ಡಬಳ್ಳಿಯ ಮೇಲೆ ನೆಟ್ಟಗೆ ಕೂತ ಆಕಾರ ಹುಡುಕಿ.

ಹಾರುವ ಓತಿಗೆ ಅವಸರ ಬೇಡ. ಬಿಸಿಲು ಕಾಂಡಕ್ಕೆ ಬಿದ್ದು ಮೈ ಬೆಚ್ಚಗಾಗುವವರೆಗೆ ಅದು ಹಾರುವುದಿಲ್ಲ, ತಿಂಡಿ ಮುಗಿಸಿ 9.30ರ ಮೇಲೆ ತೋಟದ ಅಡಿಕೆ ಮರಗಳಲ್ಲಿ ನೋಡುವುದೇ ವಾಸಿ. ತೊಗಟೆಯ ಬಣ್ಣವೇ ಇದ್ದರೂ ಗಂಡು ಗಂಟಲಿನ ಹಳದಿ ಚೀಲವನ್ನು ಚಿಟಿಕೆ ಹೊಡೆದ ಹಾಗೆ ಚಾಚಿ ಮಡಚುತ್ತದೆ, ಅದರಿಂದ ಸಿಕ್ಕಿಬೀಳುತ್ತದೆ. ನೀವು ಹತ್ತಿರ ಹೋದರೆ ಕಾಂಡದ ಆಚೆ ಬದಿಗೆ ಸರಿಯುತ್ತದೆ. ಇಬ್ಬರಿದ್ದರೆ ಒಬ್ಬರು ಆ ಕಡೆ, ಒಬ್ಬರು ಈ ಕಡೆ ನಿಲ್ಲಿ.

ಬೆಳಕಿನ ವಿಷಯದಲ್ಲಿ ಇವರು ಒಂದು ತಪ್ಪು ಮಾಡುತ್ತಿದ್ದಾರೆ. ಎರಡನೇ ಅಟ್ಟಣೆ ಪೂರ್ವಕ್ಕೆ ತೆರೆದಿದೆ. ಬೆಳಿಗ್ಗೆ ಅಲ್ಲಿ ನಿಂತರೆ ಸೂರ್ಯ ಮುಖಕ್ಕೆ, ಎಲ್ಲವೂ ಕಪ್ಪು ನೆರಳು. ಮೊದಲ ಅಟ್ಟಣೆ ಪಶ್ಚಿಮ ನೋಡುತ್ತದೆ, ಬೆಳಗಿನ ಬಿಸಿಲು ಎದುರಿನ ಮರಗಳ ಮೇಲೆ ಬೀಳುತ್ತದೆ. ಆದರೂ ಎಲ್ಲ ಗುಂಪನ್ನೂ ಬೆಳಿಗ್ಗೆ ಎರಡೂ ಕಡೆ ಸಮನಾಗಿ ನಿಲ್ಲಿಸುತ್ತಾರೆ. ಬೆಳಿಗ್ಗೆ ಮೊದಲನೆಯದರಲ್ಲೇ ಇರುತ್ತೇವೆ ಎಂದು ಕೇಳಿಕೊಳ್ಳಿ, ಸಂಜೆಯ ನಡಿಗೆಯಲ್ಲಿ ಎರಡನೆಯದು.

ಬಾಡಿಗೆಗೆ ಕೊಡುವ ದುರ್ಬೀನು 10x25, ಅಂದರೆ 10 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 25 ಮಿ.ಮೀ. ಅಗಲದ್ದು. ಅದನ್ನು ತೆಗೆದುಕೊಳ್ಳಬೇಡಿ. 25ನ್ನು 10ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 2.5 ಮಿ.ಮೀ. ಮಾತ್ರ, ನಸುಕಿನ ಕಾಡಿಗೆ ಸಾಲದು. 8x42 ಆದರೆ 5.25 ಮಿ.ಮೀ., ನೋಟದ ಅಗಲವೂ ಹೆಚ್ಚು, ಕೈ ನಡುಕವೂ ಕಡಿಮೆ ಕಾಣುತ್ತದೆ. ಸ್ನೇಹಿತರಿಂದ ಕೇಳಿ ತಂದರೂ ಪರವಾಗಿಲ್ಲ, 8x42 ತನ್ನಿ. ಕಾರಿನಲ್ಲಿ ಏಸಿ ಹಾಕಿಕೊಂಡು ಬಂದು ಇಳಿದ ತಕ್ಷಣ ಗಾಜಿನ ಮೇಲೆ ಮಂಜು ಕೂರುತ್ತದೆ, ಕೊನೆಯ 15 ನಿಮಿಷ ಏಸಿ ನಿಲ್ಲಿಸಿ ಕಿಟಕಿ ಇಳಿಸಿ.

ಕಾಲ ಆರಿಸುವುದಾದರೆ ಜನವರಿ ಕೊನೆಯಿಂದ ಮಾರ್ಚ್. ಹಾಲವಾಣ ಮತ್ತು ಬೂರುಗ ಎಲೆ ಉದುರಿಸಿ ಕೆಂಪು ಹೂ ಬಿಟ್ಟಿರುತ್ತವೆ, ಮಕರಂದಕ್ಕೆ ಬಂದ ಹಕ್ಕಿಗೆ ಅಡಗಲು ಎಲೆಯೇ ಇಲ್ಲ. ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲು, ತೋಟದ ತುಂಬ ಜನ ಮತ್ತು ಮಾತು, ಕಾಡಂಚಿನವರೆಗೂ ಕೇಳುತ್ತದೆ. ಮಳೆಗಾಲದಲ್ಲಿ ಹಗಲಿನ ನಡಿಗೆ ಬಿಟ್ಟು ರಾತ್ರಿಯದು ಮಾಡಿ. ಕೆರೆಯ ಮೇಲೆ ಬಾಗಿದ ಎಲೆಗಳಲ್ಲಿ ಹಾರುವ ಕಪ್ಪೆಯ ನೊರೆಗೂಡು ನೇತಾಡುತ್ತಿರುತ್ತದೆ, ಮರಿಗಳು ಅದರಿಂದ ನೇರ ನೀರಿಗೆ ಬೀಳುತ್ತವೆ. ಕತ್ತಲಾದ ಅರ್ಧ ಗಂಟೆಗೆ ಹಾರುಬೆಕ್ಕು, ಅಂದರೆ ಹಾರುವ ಅಳಿಲು, ಪೊಟರೆ ಬಿಟ್ಟು ಹೊರಡುತ್ತದೆ. ಆಗ ಕೆಂಪು ಕಾಗದ ಕಟ್ಟಿದ ಟಾರ್ಚ್ ಸಾಕು, ಬಿಳಿ ಬೆಳಕನ್ನು ಕಣ್ಣಿಗೆ ಬಿಟ್ಟರೆ ಹಾರುವ ಲೆಕ್ಕ ತಪ್ಪುತ್ತದೆ. ಈ ಕಾಲದಲ್ಲಿ ಕೈಪಟ್ಟಿ ಹಿಡಿಯುವ ಮೊದಲು ಬೆಳಕು ಬಿಟ್ಟು ನೋಡಿ, ಗುಳಿಮಂಡಲ ಹಾವು ಮೊಣಕಾಲಿನಿಂದ ಎದೆಮಟ್ಟದ ಗಿಡಬಳ್ಳಿಗಳಲ್ಲಿ ಎಲೆಯ ಬಣ್ಣಕ್ಕೆ ಸೇರಿ ಕೂತಿರುತ್ತದೆ.

ಉಂಬಳಕ್ಕೆ (ಕಾಡಿನ ಜಿಗಣೆಗೆ) ಅವರು ಕೊಡುವ ಬಟ್ಟೆಯ ಕಾಲುಚೀಲ ಚೆನ್ನಾಗಿದೆ, ಮೊಣಕಾಲಿನವರೆಗೆ ಬರುತ್ತದೆ, ನೇಯ್ಗೆ ಒತ್ತಾಗಿದೆ. ಮಾಮೂಲಿ ಸಾಕ್ಸಿನ ಕಣ್ಣಿನಲ್ಲಿ ಉಂಬಳ ತೂರಿಬರುತ್ತದೆ. ಚೀಲದ ಹೊರಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಳ್ಳಿ. ಕಚ್ಚಿದರೆ ಎಳೆಯಬೇಡಿ, ಉಪ್ಪು ಸುರಿಯಲೂ ಬೇಡಿ. ತೆಳು ತುದಿಯ ಕಡೆ ಉಗುರು ತೂರಿಸಿ ಪಕ್ಕಕ್ಕೆ ತಳ್ಳಿ, ಸೋಪಿನಿಂದ ತೊಳೆದು ಒತ್ತಿ ಹಿಡಿಯಿರಿ. ರಕ್ತ ಹೆಪ್ಪುಗಟ್ಟದ ಹಾಗೆ ಅದು ಬಿಟ್ಟ ರಸದಿಂದ ಸ್ವಲ್ಪ ಹೊತ್ತು ಸೋರುವುದು ಸಹಜ.

ಬೇಸಿಗೆಯಲ್ಲಿ ಮಂಗನ ಕಾಯಿಲೆ ಹರಡುವ ಉಣುಗಿನ (ರಕ್ತ ಹೀರುವ ಉಣ್ಣೆಹುಳುವಿನ) ಬಗ್ಗೆ ಮಾತ್ರ ಇವರು ಒಂದು ಮಾತೂ ಹೇಳುವುದಿಲ್ಲ, ಇದು ದೊಡ್ಡ ಕೊರತೆ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾದದ್ದು, ಇವತ್ತಿಗೂ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ಶೃಂಗೇರಿ ಕಡೆ ಕಾಡುತ್ತಿದೆ. ಡಿಸೆಂಬರ್‌ನಿಂದ ಮೇವರೆಗೆ ಮಲೆನಾಡಿನ ಯಾವ ಕಾಡಿಗೆ ಹೋದರೂ ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರಬೇಡಿ, ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಎಲೆಯ ಮೇಲೆ ಮುಕ್ಕಾಲು ಗಂಟೆ ಕೂರಿಸುವ ಗೈಡ್ ಹಾಸಲು ಒಂದು ತಾಡಪಾಲು ತರಬೇಕು. ಈಗ ತರುವುದಿಲ್ಲ, ನೀವೇ ಒಯ್ಯಿರಿ.

ಆನೆಯ ವಿಷಯದಲ್ಲಿ ಇವರ ಶಿಸ್ತು ಮೆಚ್ಚುವಂಥದ್ದು. ಸಕಲೇಶಪುರ, ಆಲೂರು, ಬೇಲೂರು ಕಡೆಯ ತೋಟಗಳಲ್ಲಿ ಆನೆ ಓಡಾಡದ ತಿಂಗಳಿಲ್ಲ. ಹತ್ತಿರದ ತೋಟದಲ್ಲಿ ಆನೆ ಇದೆ ಎಂದು ರಾತ್ರಿ ಸುದ್ದಿ ಬಂದರೆ ಬೆಳಗಿನ ನಡಿಗೆ ರದ್ದು, ದುಡ್ಡು ವಾಪಸ್, ವಾದವಿಲ್ಲ. ಮಂಜು ಮುಸುಕಿದ ಕಾಫಿ ಸಾಲಿನಲ್ಲಿ 20 ಅಡಿ ದೂರದ ಆನೆಯೂ ಕಾಣುವುದಿಲ್ಲ. ಹಾಗಾಗಿ ಒಂದೇ ರಾತ್ರಿ ಉಳಿದು ಬರುವ ಪ್ಲಾನ್ ಬೇಡ, ಎರಡು ಬೆಳಗು ಇಟ್ಟುಕೊಳ್ಳಿ. ಹಾಸನದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ., ಬಿಸಿಲೆ ದಾರಿ ಅಲ್ಲಿಂದ ಮುಂದೆ ತಿರುವುಗಳದ್ದು. ನಸುಕಿನಲ್ಲಿ ಹೊರಟು 6.30ಕ್ಕೆ ಮುಟ್ಟುತ್ತೇವೆಂಬ ಲೆಕ್ಕ ಮಂಜಿನಲ್ಲಿ ತಪ್ಪುತ್ತದೆ.

ಬುಕ್ ಮಾಡುವ ಮೊದಲು ಫೋನ್ ಮಾಡಿ ಆಫೀಸಿನವರ ಹತ್ತಿರ ಅಲ್ಲ, ಗೈಡ್ ಹತ್ತಿರವೇ ಮಾತಾಡಿಸಿ ಎಂದು ಕೇಳಿ. "ಅಣ್ಣಾ, ಹಳ್ಳದ ಬಸರಿ ಹಣ್ಣಾಗಿದೆಯಾ?" ಎಂದು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ. ಇನ್ನೂ ಕಾಯಿ ಎಂದರೆ ಇನ್ನೊಂದು ವಾರ ತಡೆದು ಹೋಗಿ.